ತುಳಸಿ, ಪುದೀನಾ, ಸಾಗವಾನಿ ಒಂದೇ ಮನೆತನ ಹೇಗೆ? ಶುಗರ್ ಇರುವ ಅತ್ತೆಗೆ ತುಳಸಿ ರಸ ಕೊಡಬಹುದಾ?

ಪ್ರಶ್ನೆ: ನಮ್ಮದು ಕಲಬುರಗಿ. ಮಾಳಿಗೆ ಮೇಲೆ ತುಳಸಿ, ಪುದೀನಾ, ಕಾಮಕಸ್ತೂರಿ, ಅಜವಾನ ಎಲೆ ಅಂತೀವಲ್ಲ ಆ ದೊಡ್ಡಪತ್ರೆ, ಇಷ್ಟು ಬೆಳೆಸಿದ್ದೇನೆ. ಬಿ.ಎಸ್‌ಸಿ. ಓದುವ ಮಗಳು ಇವೆಲ್ಲ ಒಂದೇ ಕುಟುಂಬದವು, ನಮ್ಮ ಹೊಲದ ಬದುವಿನ ಸಾಗವಾನಿಯೂ ಅದೇ ಕುಟುಂಬ ಅನ್ನುತ್ತಾಳೆ. ಒಂದರ ವಾಸನೆ ಇನ್ನೊಂದಕ್ಕಿಲ್ಲ, ಅದು ಹೇಗೆ? ಇನ್ನೊಂದು ವಿಷಯ. ನಮ್ಮ ಅತ್ತೆಯವರಿಗೆ ಹತ್ತು ವರ್ಷದಿಂದ ಶುಗರ್ ಇದೆ. ದಿನಾ ಬೆಳಿಗ್ಗೆ ತುಳಸಿ ರಸ ಕುಡಿದರೆ ಗುಳಿಗೆಯೇ ಬೇಡ ಅಂತ ಮೊಬೈಲಿನಲ್ಲಿ ನೋಡಿದ್ದಾರೆ. ಕೊಡಬಹುದಾ? ಹಾಗೇ, ನನ್ನ ಪುದೀನಾ ಪ್ರತಿ ವರ್ಷ ಮೇ ತಿಂಗಳಲ್ಲಿ ಸುಟ್ಟು ಹೋಗುತ್ತದೆ. ಅದಕ್ಕೂ ಏನಾದರೂ ದಾರಿ ಹೇಳಿ.

ಉತ್ತರ: ಮೊದಲು ಅತ್ತೆಯವರ ಮಾತು, ಅದು ಕಾಯುವಂಥದ್ದಲ್ಲ. ಗುಳಿಗೆ ನಿಲ್ಲಿಸಬೇಡಿ. ಒಂದು ದಿನವೂ ಬೇಡ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ. ಅದು ಸರಿಯಾಗಿ ತಿಳಿಯಬೇಕಾದರೆ ಈ ಗಿಡಗಳ ವಾಸನೆ ಎಲ್ಲಿಂದ ಬರುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಹಾಗಾಗಿ ಮಗಳ ಪ್ರಶ್ನೆಯಿಂದಲೇ ಶುರು ಮಾಡೋಣ.

ಮಗಳು ಹೇಳಿದ್ದು ಸರಿ. ಅದನ್ನು ನೋಡಲು ಪುಸ್ತಕ ಬೇಡ, ನಿಮ್ಮ ಕೈ ಸಾಕು. ಮಾಳಿಗೆಗೆ ಹೋಗಿ ಪುದೀನಾದ ಒಂದು ದಂಟು ಕಿತ್ತುಕೊಳ್ಳಿ. ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹೊರಳಿಸಿ. ಕೊತ್ತಂಬರಿ ದಂಟಿನ ಹಾಗೆ ಸರಾಗವಾಗಿ ಉರುಳುವುದಿಲ್ಲ. ನಾಲ್ಕು ಕಡೆ ಅಂಚು ತಾಗುತ್ತದೆ. ದಂಟು ಚೌಕಾಗಿದೆ. ಈಗ ಎಲೆ ನೋಡಿ. ಪ್ರತಿ ಗೆಣ್ಣಿನಲ್ಲಿ ಎದುರುಬದುರಾಗಿ ಎರಡೆರಡು ಎಲೆ. ಕೆಳಗಿನ ಜೋಡಿ ಪೂರ್ವ-ಪಶ್ಚಿಮಕ್ಕಿದ್ದರೆ ಅದರ ಮೇಲಿನದು ಉತ್ತರ-ದಕ್ಷಿಣಕ್ಕೆ ಇರುತ್ತದೆ. ತುದಿಯಿಂದ ಕೆಳಗೆ ನೋಡಿದರೆ ಕೂಡಿಸುವ ಲೆಕ್ಕದ ಗುರುತಿನ ಹಾಗೆ ಕಾಣುತ್ತದೆ. ಇದೇ ಪರೀಕ್ಷೆಯನ್ನು ತುಳಸಿಗೆ ಮಾಡಿ, ಕಾಮಕಸ್ತೂರಿಗೆ ಮಾಡಿ. ಎರಡೂ ಪಾಸಾಗುತ್ತವೆ. ದೊಡ್ಡಪತ್ರೆಯ ದಂಟು ದಪ್ಪ, ರೋಮವೂ ಜಾಸ್ತಿ, ಹಾಗಾಗಿ ಚೌಕ ಸ್ವಲ್ಪ ಮಸುಕು. ಅದರ ಎಳೆ ತುದಿ ಮುಟ್ಟಿ ನೋಡಿ, ಅಲ್ಲಿ ಸಿಗುತ್ತದೆ.

ಮೂರನೆಯ ಗುರುತು ಹೂವು. ಈ ಕುಟುಂಬದ ಹೂವಿಗೆ ಎರಡು ತುಟಿ, ಒಂದು ಮೇಲೆ, ಒಂದು ಕೆಳಗೆ. ಲ್ಯಾಟಿನ್ನಿನಲ್ಲಿ ತುಟಿಗೆ ಲೇಬಿಯಂ ಅನ್ನುತ್ತಾರೆ, ಅದರಿಂದ ಈ ಕುಟುಂಬಕ್ಕೆ ಲೇಬಿಯೇಟೆ ಅನ್ನುವ ಹಳೆಯ ಹೆಸರು ಬಂತು. ಈಗ ಲ್ಯಾಮಿಯೇಸಿ ಅನ್ನುತ್ತಾರೆ. ನಮ್ಮ ಕನ್ನಡ ಪಠ್ಯಗಳಲ್ಲಿ ತುಳಸಿ ಕುಟುಂಬ. ಜಗತ್ತಿನಲ್ಲಿ ಇದರ ಸುಮಾರು 7,000 ಜಾತಿಗಳಿವೆ, 230ಕ್ಕೂ ಹೆಚ್ಚು ಕುಲಗಳಲ್ಲಿ ಹಂಚಿಕೊಂಡಿವೆ. ದೊಡ್ಡ ಮನೆತನವೇ.

ಹೂವಿನ ತುಟಿ ನೋಡಲು ನಮ್ಮ ಸೀಮೆಯಲ್ಲಿ ತುಂಬೆಗಿಂತ ಒಳ್ಳೆಯ ಗಿಡ ಇಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ತೊಗರಿ ಹೊಲದ ಬದುವಿನಲ್ಲಿ, ಖಾಲಿ ಸೈಟುಗಳಲ್ಲಿ ಮೊಳಕಾಲೆತ್ತರ ಬೆಳೆದು ನಿಂತಿರುತ್ತದೆ. ಶಿವನಿಗೆ ಏರಿಸುತ್ತೇವಲ್ಲ, ಅದೇ ಬಿಳಿ ಹೂವು. ಬೆಳಿಗ್ಗೆ ಎಂಟು ಗಂಟೆಗೆ ಒಂದು ತುಂಬೆ ಗಿಡದ ಪಕ್ಕ ಹತ್ತು ನಿಮಿಷ ಕೂತು ನೋಡಿ. ಕೆಳಗಿನ ತುಟಿ ಅಗಲ, ಮೂರು ಸೀಳು. ಜೇನ್ನೊಣಕ್ಕೆ ಅದೇ ಹೊಸ್ತಿಲು. ಮೇಲಿನ ತುಟಿ ಚಿಕ್ಕದು, ಬಿಳಿ ರೋಮದ ಟೋಪಿಯ ಹಾಗೆ ಬಾಗಿರುತ್ತದೆ. ಪರಾಗ ಹೊತ್ತ ಕೇಸರಗಳು ಆ ಟೋಪಿಯೊಳಗೆ ಅಡಗಿರುತ್ತವೆ. ನೊಣ ಹೊಸ್ತಿಲ ಮೇಲೆ ಕೂತು ತಲೆ ಒಳಗೆ ತೂರಿಸುತ್ತದೆ. ಟೋಪಿ ಅದರ ಬೆನ್ನಿಗೆ ತಾಗುತ್ತದೆ. ಹೊರಗೆ ಬರುವಾಗ ಬೆನ್ನ ಮೇಲೆ ಹಿಟ್ಟು ಉದುರಿದ ಹಾಗೆ ಪರಾಗ. ಅದೇ ನೊಣ ತುಳಸಿಗೆ ಹೋದರೆ ಕತೆ ತಲೆಕೆಳಗು. ತುಳಸಿ ಹೂವಿನಲ್ಲಿ ಕೇಸರಗಳು ಕೆಳಗಿನ ತುಟಿಯ ಮೇಲೆ ಮಲಗಿರುತ್ತವೆ, ಹಾಗಾಗಿ ಪರಾಗ ಹೊಟ್ಟೆಗೆ ಅಂಟುತ್ತದೆ. ಒಂದೇ ಮನೆತನದ ಎರಡು ಹೂವು, ಒಂದು ಬೆನ್ನಿಗೆ ಹಚ್ಚಿ ಕಳಿಸುತ್ತದೆ, ಇನ್ನೊಂದು ಹೊಟ್ಟೆಗೆ. ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ವರ್ಷಗಳಲ್ಲಿ ನಾನು ಪ್ರತಿ ತಂಡದ ಮಕ್ಕಳನ್ನೂ ಇದನ್ನು ನೋಡಲು ಕೂರಿಸಿದ್ದೇನೆ. ನೋಡಿದವರು ಕುಟುಂಬದ ಲಕ್ಷಣ ಮರೆತಿದ್ದು ನನಗೆ ನೆನಪಿಲ್ಲ.

ಇನ್ನೊಂದು ಸಣ್ಣ ಪರೀಕ್ಷೆ. ಒಣಗಿದ ತುಳಸಿ ತೆನೆಯಿಂದ ಒಂದೇ ಒಂದು ಪುಟ್ಟ ಬಟ್ಟಲು ಬಿಡಿಸಿ ಅಂಗೈಯಲ್ಲಿ ಕೊಡವಿ. ನಾಲ್ಕು ಬೀಜ ಇರಬೇಕು. ಒಂದೆರಡು ಮೊದಲೇ ಉದುರಿರಬಹುದು, ಆದರೆ ಐದನೆಯದು ಸಿಗುವುದಿಲ್ಲ. ಒಂದು ಹೂವಿಗೆ ನಾಲ್ಕೇ ಬೀಜ ಅನ್ನುವುದು ಈ ಮನೆತನದ ಕಟ್ಟಳೆ.

ಸಾಗವಾನಿ ಹೇಗೆ ಸೇರಿತು? ನಾನು ಓದುವ ಕಾಲದಲ್ಲಿ ಅದು ಬೇರೆ ಕುಟುಂಬದಲ್ಲಿತ್ತು, ಲಂಟಾನದ ಜೊತೆ ವರ್ಬಿನೇಸಿಯಲ್ಲಿ. 1990ರ ದಶಕದಲ್ಲಿ ಹೂವಿನ ರಚನೆಯನ್ನು ಮತ್ತೆ ಕೂಲಂಕಷವಾಗಿ ನೋಡಿದರು, ಡಿಎನ್‌ಎಯನ್ನೂ ಹೋಲಿಸಿದರು. ಸಾಗವಾನಿ, ಲಕ್ಕಿ, ಶಿವನೆ ಇವೆಲ್ಲ ತುಳಸಿಗೇ ಹತ್ತಿರದ ನೆಂಟರು ಅಂತ ಗೊತ್ತಾಯಿತು. ಹಾಗಾಗಿ ಇತ್ತ ತಂದರು. ಚಿಂಚೋಳಿ ಕಾಡಿಗೆ, ಚಂದ್ರಂಪಳ್ಳಿ ಅಣೆಕಟ್ಟೆ ಕಡೆ ಹೋದರೆ ಸಾಗವಾನಿಯ ಎಳೆ ಕೊಂಬೆ ಮುಟ್ಟಿ ನೋಡಿ. ಅಷ್ಟು ದೊಡ್ಡ ಮರ, ಆದರೆ ಎಳೆ ಕೊಂಬೆ ಚೌಕ, ಎಲೆ ಎದುರುಬದುರು. ಚಿಗುರೆಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕುಂಕುಮದ ಹಾಗೆ ಕೆಂಪು ಬಣ್ಣ ಹತ್ತುತ್ತದೆ. ನಿಮ್ಮ ಹೊಲದ ಬದುವಿನಲ್ಲೇ ಮಾಡಿ ನೋಡಬಹುದು, ಮಗಳಿಗೂ ತೋರಿಸಿ.

ಇಲ್ಲಿ ಒಂದು ಎಚ್ಚರಿಕೆ. ಚೌಕ ದಂಟು, ಘಾಟು ವಾಸನೆ ಇದ್ದ ಮಾತ್ರಕ್ಕೆ ಎಲ್ಲವೂ ಈ ಕುಟುಂಬದ್ದಲ್ಲ. ಲಂಟಾನದ ದಂಟೂ ಚೌಕ, ಎಲೆಯೂ ಘಾಟು. ಅದು ಇವತ್ತಿಗೂ ಆ ಹಳೆಯ ಮನೆಯಲ್ಲೇ ಇದೆ, ದನ ತಿಂದರೆ ವಿಷ. ಹೂವಿನ ಮಾಲೆಯಲ್ಲಿ ಮರುಗ, ದವನ ಎರಡನ್ನೂ ಜೊತೆಗೇ ಕಟ್ಟುತ್ತಾರೆ. ಮರುಗ ತುಳಸಿಯ ನೆಂಟ, ದವನ ಸೇವಂತಿಗೆಯ ಕಡೆಯದು. ಇನ್ನು ರೈಲು ಹಳಿಯ ಪಕ್ಕ, ಬೀಳು ಹೊಲದಲ್ಲಿ ಆಳೆತ್ತರ ಬೆಳೆಯುವ ವಿಲಾಯಿತಿ ತುಳಸಿಯನ್ನು ಕೆಲವರು ಕಾಡು ತುಳಸಿ ಅಂತ ಕಷಾಯಕ್ಕೆ ಕೀಳುತ್ತಾರೆ. ಕುಟುಂಬ ಇದೇ, ಊರು ಮಾತ್ರ ಅಮೆರಿಕ ಖಂಡದ ಬಿಸಿ ನಾಡು. ಅದು ಇಲ್ಲಿಗೆ ಬಂದು ಹಬ್ಬಿದ ಕಳೆ. ಗುರುತು ಪಕ್ಕಾ ಆಗದೆ ಯಾವ ಎಲೆಯನ್ನೂ ಒಲೆಗೆ ಏರಿಸಬೇಡಿ.

ಈಗ ವಾಸನೆಗೆ ಬರೋಣ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಪುದೀನಾ ಎಲೆಯನ್ನು ಮಗುಚಿ ಬೆಳಕಿಗೆ ಹಿಡಿಯಿರಿ. ಎಲೆಯ ಅಡಿಯಲ್ಲಿ ಸೂಜಿ ಮೊನೆಗಿಂತ ಸಣ್ಣ, ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಕುಡಿಕೆಗಳು. ತೆಳುವಾದ ಪೊರೆಯೊಳಗೆ ಎಣ್ಣೆ ತುಂಬಿಕೊಂಡು ಕೂತಿರುತ್ತದೆ. ಗಿಡ ಸುಮ್ನೆ ನಿಂತಾಗ ವಾಸನೆ ಕಮ್ಮಿ. ನೀವು ಕೈಯಾಡಿಸಿದ ಕೂಡಲೇ ಕುಡಿಕೆ ಒಡೆಯುತ್ತದೆ, ಮಾಳಿಗೆ ತುಂಬ ಘಮ. ಗಿಡ ಈ ಎಣ್ಣೆಯನ್ನು ನಮಗಾಗಿ ಮಾಡಿಟ್ಟಿಲ್ಲ. ಕಡಿಯುವ ಹುಳು, ಮೇಯುವ ಬಾಯಿ, ಎಲೆಗೆ ಹತ್ತುವ ಬೂಷ್ಟು, ಇವುಗಳನ್ನು ದೂರ ಇಡಲು ಮಾಡಿಕೊಂಡ ವ್ಯವಸ್ಥೆ ಅದು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಆ ಆಡೂ ಲಕ್ಕಿ ಗಿಡಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಅದಕ್ಕೇ ಲಕ್ಕಿಯನ್ನು ಬೇಲಿಗೆ ಹಚ್ಚುತ್ತಾರೆ. ನಮ್ಮ ಹಿರಿಯರು ಕಾಳಿನ ಚೀಲದೊಳಗೆ ಒಣ ಲಕ್ಕಿ ಸೊಪ್ಪು ಇಟ್ಟಿದ್ದು, ಸೊಳ್ಳೆಗೆ ಅದರ ಹೊಗೆ ಹಾಕಿದ್ದು ಇದೇ ಗುಣ ಕಂಡು.

ಕುಡಿಕೆ ಎಲ್ಲದರಲ್ಲೂ ಒಂದೇ ಥರ, ಒಳಗಿನ ಎಣ್ಣೆ ಬೇರೆ ಬೇರೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತುಳಸಿ ಎಲೆ ಜಜ್ಜಿ ಮೂಸಿ, ಆಮೇಲೆ ಒಂದು ಲವಂಗ ಕಚ್ಚಿ. ನಡುವೆ ಒಂದು ಎಳೆ ಹೋಲಿಕೆ ಸಿಗುತ್ತದೆ, ಅಲ್ವಾ? ಎರಡರಲ್ಲೂ ಯುಜಿನಾಲ್ ಅನ್ನುವ ವಸ್ತು ಇದೆ. ದೊಡ್ಡಪತ್ರೆಯನ್ನು ನಮ್ಮ ಕಡೆ ಅಜವಾನ ಎಲೆ ಅನ್ನುವುದು ಬರೀ ಹೆಸರಲ್ಲ. ಅಜವಾನದ ಕಾಳಿನಲ್ಲಿ ಥೈಮಾಲ್ ಇದೆ. ದೊಡ್ಡಪತ್ರೆಯಲ್ಲಿ ಥೈಮಾಲ್ ಜೊತೆಗೆ ಕಾರ್ವಕ್ರಾಲ್ ಇದೆ. ಥೈಮಾಲ್, ಕಾರ್ವಕ್ರಾಲ್ ಎರಡರಲ್ಲೂ ಪರಮಾಣುಗಳ ಲೆಕ್ಕ ಒಂದೇ, ಒಂದು ಕೊಂಡಿ ಮಾತ್ರ ಬೇರೆ ಜಾಗದಲ್ಲಿ ಕೂತಿದೆ. ಗಮನಿಸಿ, ಅಜವಾನ ಈ ಕುಟುಂಬದ್ದೇ ಅಲ್ಲ, ಅದು ಕೊತ್ತಂಬರಿ, ಜೀರಿಗೆಯ ಕಡೆಯದು. ನೆಂಟಸ್ತಿಕೆ ಇಲ್ಲದಿದ್ದರೂ ವಾಸನೆ ಒಂದೇ ಆಗಬಹುದು. ನೆಂಟಸ್ತಿಕೆ ಇದ್ದರೂ ವಾಸನೆ ಬೇರೆಯಾಗಬಹುದು. ಮೂಗಿನಿಂದ ಕುಟುಂಬ ಹೇಳಲು ಬರುವುದಿಲ್ಲ, ದಂಟು ಮತ್ತು ಹೂವಿನಿಂದಲೇ ಹೇಳಬೇಕು.

ಇದರಲ್ಲಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಪುದೀನಾ. ನಮ್ಮ ಅಡುಗೆಯ ಪುದೀನಾದ ವಾಸನೆಗೆ ಹೆಚ್ಚಾಗಿ ಕಾರ್ವೋನ್ ಕಾರಣ. ಸಬ್ಬಸಿಗೆಯ ಬೀಜದಲ್ಲಿ ಇರುವುದೂ ಕಾರ್ವೋನೇ. ಆದರೆ ಒಂದು ಎಡಗೈ ಇದ್ದಂತೆ, ಇನ್ನೊಂದು ಬಲಗೈ ಇದ್ದಂತೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬ. ಎಡಗೈಯ ಗವಸು ಬಲಗೈಗೆ ಕೂರುವುದಿಲ್ಲವಲ್ಲ, ಹಾಗೆ ನಮ್ಮ ಮೂಗು ಎರಡನ್ನೂ ಬೇರೆ ಬೇರೆ ವಾಸನೆ ಅಂತಲೇ ಹಿಡಿಯುತ್ತದೆ. ಒಂದು ಪುದೀನಾ ಚಟ್ನಿ, ಒಂದು ಸಬ್ಬಸಿಗೆ. ಅಡುಗೆ ಮನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿ ನೋಡಿ.

ಪಾನ್ ಅಂಗಡಿಯಲ್ಲಿ ಸಿಗುವ ತಣ್ಣನೆಯ ಹರಳು ಬೇರೆ ಪುದೀನಾದ್ದು. ಅದು ಮೆಂಥಾಲ್. ಅದಕ್ಕೆಂದೇ ಬೆಳೆಯುವ ಜಪಾನಿ ಪುದೀನಾ ಉತ್ತರ ಪ್ರದೇಶದ ಬಾರಾಬಂಕಿ ಸುತ್ತ ವಿಪರೀತ. ಮೆಂಥಾಲ್ ಪುದೀನಾ ಎಣ್ಣೆಯಲ್ಲಿ ಜಗತ್ತಿಗೇ ನಮ್ಮ ದೇಶ ಮುಂದು. ಔಷಧಿ, ಸುಗಂಧ ಸಸ್ಯಗಳ ಸಂಶೋಧನೆ ಮಾಡುವ ಲಖನೌದ ಸೀಮ್ಯಾಪ್ ಸಂಸ್ಥೆ ಕೋಸಿ, ಸಕ್ಷಮ್ ಮುಂತಾದ ತಳಿಗಳನ್ನು ಕೊಟ್ಟಿದ್ದರಿಂದ ಆ ಬೆಳೆ ಅಲ್ಲಿ ನೆಲೆ ನಿಂತಿತು. ಮೆಂಥಾಲ್ ಬಾಯಿಗೆ ಯಾಕೆ ತಣ್ಣಗೆ? ನಮ್ಮ ನರಗಳ ತುದಿಯಲ್ಲಿ ಚಳಿಯನ್ನು ಹಿಡಿಯುವ ಒಂದು ಬಾಗಿಲು ಇದೆ. ನಿಜವಾದ ಚಳಿ ಬಂದಾಗ ತೆರೆಯುತ್ತದೆ, ಮೆಂಥಾಲ್ ತಾಗಿದರೂ ತೆರೆಯುತ್ತದೆ. ಮಿದುಳಿಗೆ ಎರಡೂ ಒಂದೇ ಸುದ್ದಿ. ಈ ಬಾಗಿಲನ್ನು 2002ರಲ್ಲಿ ಗುರುತಿಸಿದರು. ಬಿಸಿ, ಚಳಿ, ಸ್ಪರ್ಶ ನಮಗೆ ಹೇಗೆ ತಿಳಿಯುತ್ತದೆ ಅನ್ನುವ ಈ ಕೆಲಸಕ್ಕೆ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್ ಬಂತು.

ನಮ್ಮ ಊರಿಗೆ ಇದು ದೊಡ್ಡ ವಿಷಯ. ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲಿನಿಂದ ಬಂದವರಿಗೆ ಪುದೀನಾ ಶರಬತ್ತು ಕೊಟ್ಟರೆ ಹಾಯೆನಿಸುತ್ತದೆ. ಆದರೆ ಪುದೀನಾದಿಂದ ಮೈಯ ಬಿಸಿ ಇಳಿಯುವುದಿಲ್ಲ. ಇಳಿಸುವುದು ಅದರಲ್ಲಿರುವ ನೀರು, ನೆರಳು, ವಿಶ್ರಾಂತಿ. ಬಿಸಿಲಲ್ಲಿ ಕೆಲಸ ಮಾಡಿ ಬಂದವರು ಮಾತು ತೊದಲಿದರೆ, ಗಲಿಬಿಲಿಯಾದರೆ ಶರಬತ್ತು ಕುಡಿಸುತ್ತಾ ಕೂರಬೇಡಿ. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ.

ಔಷಧದ ಮಾತಿಗೆ ಬರೋಣ. ಈ ಕುಟುಂಬದ ಗಿಡಗಳನ್ನು ವಿಜ್ಞಾನಿಗಳು ತುಂಬ ಅಭ್ಯಾಸ ಮಾಡಿದ್ದಾರೆ, ಕೆಲವು ಕಡೆ ನಿಜವಾಗಿಯೂ ಫಲ ಸಿಕ್ಕಿದೆ. ನಮ್ಮ ಬೆಳಗಾವಿ ಕಡೆ ಉಪ್ಪಿನಕಾಯಿಗೆ ಬೆಳೆಯುವ ಮಾಕಂದಿ ಬೇರು ಗೊತ್ತಿರಬಹುದು. ದೊಡ್ಡಪತ್ರೆಯ ಹತ್ತಿರದ ನೆಂಟ. ಅದರ ಬೇರಿನಿಂದ 1970ರ ದಶಕದಲ್ಲಿ ನಮ್ಮ ದೇಶದ ಪ್ರಯೋಗಾಲಯಗಳಲ್ಲೇ ಫೋರ್ಸ್ಕೋಲಿನ್ ಅನ್ನುವ ವಸ್ತುವನ್ನು ಬೇರೆ ಮಾಡಿದರು. ಜೀವಕೋಶದೊಳಗೆ ಸುದ್ದಿ ಸಾಗಿಸುವ ಒಂದು ಕಿಣ್ವವನ್ನು ಅದು ನೇರವಾಗಿ ಎಬ್ಬಿಸುತ್ತದೆ. ಇವತ್ತು ಜಗತ್ತಿನ ಎಷ್ಟೋ ಪ್ರಯೋಗಾಲಯಗಳ ಕಪಾಟಿನಲ್ಲಿ ಅದರ ಸೀಸೆ ಇದೆ. ಅದೇ ಹೆಸರಿನಲ್ಲಿ ತೂಕ ಇಳಿಸುವ ಗುಳಿಗೆ ಮಾರುತ್ತಾರೆ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಪೆಪ್ಪರ್‌ಮಿಂಟ್ ಅನ್ನುವ ಪುದೀನಾ ಬಗೆಯ ಎಣ್ಣೆಯದು ಇನ್ನೊಂದು ಉದಾಹರಣೆ. ಹೊಟ್ಟೆ ನುಲಿತ, ಉಬ್ಬರ, ಭೇದಿ-ಮಲಬದ್ಧತೆ ಸರದಿಯಲ್ಲಿ ಕಾಡುವ ಐಬಿಎಸ್ ತೊಂದರೆಗೆ ಅದನ್ನು ಜನರ ಮೇಲೆ ಸರಿಯಾಗಿ ಪರೀಕ್ಷಿಸಿದ್ದಾರೆ, ನೋವು ಕಮ್ಮಿಯಾಗಿದೆ. ಆದರೆ ಆ ಎಣ್ಣೆ ಇರುವುದು ಕರುಳಿಗೆ ಹೋಗಿ ಕರಗುವಂತೆ ಲೇಪ ಹಾಕಿದ ಕ್ಯಾಪ್ಸೂಲಿನಲ್ಲಿ. ಲೇಪ ಇಲ್ಲದೆ ಕುಡಿದರೆ ಅನ್ನನಾಳದ ಕೆಳಗಿನ ಬಿಗಿ ಸಡಿಲಾಗಿ ಎದೆಯುರಿ ಜಾಸ್ತಿಯಾಗುತ್ತದೆ. ಎದೆಯುರಿ ಇರುವವರು ಊಟದ ಮೇಲೆ ಪುದೀನಾ ಕಷಾಯ ಕುಡಿದು ಇನ್ನೂ ಉರಿಯುತ್ತದೆ ಅನ್ನುವುದು ಇದಕ್ಕೇ.

ನೋಡಿ, ಎಲೆ ಬೇರೆ, ಎಣ್ಣೆ ಬೇರೆ. ಮೆಂಥಾಲ್ ಪುದೀನಾದ 100 ಕಿಲೋ ಹಸಿ ಸೊಪ್ಪು ಬಟ್ಟಿ ಇಳಿಸಿದರೆ ಒಂದು ಕಿಲೋ ಎಣ್ಣೆಯೂ ಸಿಗುವುದಿಲ್ಲ. 10 ಮಿಲಿಯ ಪುಟ್ಟ ಸೀಸೆಯಲ್ಲಿ ಕಿಲೋಗಿಂತ ಜಾಸ್ತಿ ಸೊಪ್ಪಿನ ಸತ್ವ ಕೂತಿರುತ್ತದೆ. ಚಟ್ನಿಗೆ ಒಂದು ಹಿಡಿ ಪುದೀನಾ ಹಾಕುವುದು ಊಟ. ಆ ಸೀಸೆಯಿಂದ ಹನಿ ಹಾಕುವುದು ಔಷಧ, ಔಷಧಕ್ಕೆ ಇರುವ ಭಯ-ಭಕ್ತಿ ಅದಕ್ಕೂ ಬೇಕು. ಮನೆಯಲ್ಲಿ ಅಮೃತಧಾರೆ ಮಾಡುವುದನ್ನು ನೋಡಿರಬಹುದು. ಮೆಂಥಾಲ್, ಕರ್ಪೂರ, ಅಜವಾನದ ಹೂ ಅಂತ ಮಾರುವ ಥೈಮಾಲ್, ಮೂರೂ ಗಟ್ಟಿ ಹರಳು. ಒಂದು ಸೀಸೆಗೆ ಹಾಕಿ ಮುಚ್ಚಳ ಹಾಕಿ ಅಲ್ಲಾಡಿಸಿದರೆ ನೀರು ಮುಟ್ಟಿಸದೆ ತಾವೇ ಕರಗಿ ನೀರಾಗುತ್ತವೆ. ಒಂದರ ಜೊತೆ ಒಂದು ಸೇರಿದಾಗ ಕರಗುವ ಬಿಸಿ ಇಳಿದುಬಿಡುತ್ತದೆ. ನೋಡಲು ಚೆಂದ. ಆದರೆ ದಯವಿಟ್ಟು ಆ ಸೀಸೆಯನ್ನು ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರುತ್ತದೆ. ನೆಗಡಿಯಾದ ಕೂಸಿನ ಮೂಗಿಗೆ ಮೆಂಥಾಲ್ ಇರುವ ಮುಲಾಮು, ಹನಿ ಹಚ್ಚಬೇಡಿ. ಉಸಿರೇ ಕಟ್ಟಬಹುದು. ಕೆಮ್ಮಿಗೆ ದೊಡ್ಡಪತ್ರೆ ರಸಕ್ಕೆ ಜೇನು ಸೇರಿಸುವುದು ನಮ್ಮಲ್ಲಿ ರೂಢಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಕೊಡಲೇಬಾರದು. ಕಾಮಕಸ್ತೂರಿ ಬೀಜ, ಅದೇ ಶರಬತ್ತು, ಫಲೂದಾಗೆ ಹಾಕುವ ಸಬ್ಜಾ, ಅದನ್ನು ಪೂರ್ತಿ ನೆನೆಸಿಯೇ ಕೊಡಿ. ಕೆಲವೇ ನಿಮಿಷದಲ್ಲಿ ಸುತ್ತ ಲೋಳೆ ಕಟ್ಟಿಕೊಂಡು ಊದುತ್ತದೆ. ಅದು ಲೋಟದಲ್ಲಿ ಊದಬೇಕು, ಗಂಟಲಿನಲ್ಲಲ್ಲ.

ಈಗ ಅತ್ತೆಯವರ ತುಳಸಿ ರಸ. ತುಳಸಿಗೆ ರಕ್ತದ ಸಕ್ಕರೆ ಸ್ವಲ್ಪ ಇಳಿಸುವ ಗುಣ ಇರಬಹುದು ಅಂತ ಜನರ ಮೇಲೆ ಮಾಡಿದ ಕೆಲವು ಅಧ್ಯಯನಗಳು ಹೇಳುತ್ತವೆ. ಅವು ಸಣ್ಣ ಅಧ್ಯಯನಗಳು. ಕಮ್ಮಿ ಜನ, ಕೆಲವೇ ವಾರ, ಒಬ್ಬರು ಪುಡಿ ಕೊಟ್ಟಿದ್ದರೆ ಇನ್ನೊಬ್ಬರು ಸಾರ ಕೊಟ್ಟಿದ್ದಾರೆ. ಗುಳಿಗೆ ಬಿಟ್ಟು ಇದನ್ನೇ ಕುಡಿಯಬಹುದು ಅಂತ ಹೇಳಲು ಅಷ್ಟು ಸಾಲದು, ಏನೇನೂ ಸಾಲದು. ನಿಮ್ಮ ಕುಂಡದ ಎಲೆಯಲ್ಲಿ ಎಷ್ಟು ಸತ್ವ ಇದೆ ಅಂತಲೂ ಯಾರೂ ಅಳೆದಿಲ್ಲ. ಬಿಸಿಲಿಗೆ, ನೀರಿಗೆ, ಗಿಡದ ವಯಸ್ಸಿಗೆ ತಕ್ಕಂತೆ ಎಣ್ಣೆ ಏರುತ್ತದೆ, ಇಳಿಯುತ್ತದೆ. ಗುಳಿಗೆಯಲ್ಲಿ ಹಾಗಿಲ್ಲ, 500 ಮಿಲಿಗ್ರಾಂ ಅಂದರೆ ನಿನ್ನೆಯೂ 500, ನಾಳೆಯೂ 500.

ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಸೋದರತ್ತೆ ಹೀಗೇ ಯಾರದೋ ಮಾತು ಕೇಳಿ ಗುಳಿಗೆ ಬಿಟ್ಟು ಎರಡು ತಿಂಗಳು ಬರೀ ತುಳಸಿ ರಸ ಕುಡಿದರು. ಮೈ ಹಗುರಾಗಿದೆ ಅನ್ನುತ್ತಿದ್ದರು. ಆ ಹಗುರು ಸಕ್ಕರೆ ಏರಿ ತೂಕ ಇಳಿದದ್ದು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಚಪ್ಪಲಿ ಕಚ್ಚಿದ ಸಣ್ಣ ಗಾಯ ಮಾಯಲೇ ಇಲ್ಲ. ಕೊನೆಗೆ ಕಾಲಿನ ಹೆಬ್ಬೆರಳು ತೆಗೆಸಬೇಕಾಯಿತು. ಅವರ ಮನೆಯ ತುಳಸಿ ಕಟ್ಟೆಗೆ ದೀಪ ಹಚ್ಚುವಾಗ ಅವರು ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತಿದ್ದುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಹಾಗಂತ ಅತ್ತೆಯವರಿಗೆ ತುಳಸಿಯೇ ಬೇಡ ಅನ್ನುತ್ತಿಲ್ಲ. ತೀರ್ಥದಲ್ಲಿ ಎರಡು ದಳ, ಚಹಾಕ್ಕೆ ಮೂರು ನಾಲ್ಕು ಎಲೆ, ಇದರಿಂದ ತೊಂದರೆ ಇಲ್ಲ. ದಿನಾ ಲೋಟದ ತುಂಬ ರಸ ಅಥವಾ ಅಂಗಡಿಯ ತುಳಸಿ ಗುಳಿಗೆ, ಅರ್ಕ ಅಂದರೆ ಮಾತ್ರ ಮೊದಲು ಅವರ ಡಾಕ್ಟರಿಗೆ ಹೇಳಿ. ಗುಳಿಗೆಯೂ ಇದೆ, ರಸವೂ ಇದೆ ಅಂದರೆ ಕೆಲವರಿಗೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈ ನಡುಕ, ಇದ್ದಕ್ಕಿದ್ದಂತೆ ಹಸಿವು, ಎದೆ ಡವಡವ ಅಂದರೆ ತಡ ಮಾಡದೆ ಸಕ್ಕರೆ ನೀರು ಕುಡಿಸಿ, ಆಮೇಲೆ ಸಕ್ಕರೆ ಅಳೆಯಿರಿ. ರಕ್ತ ತೆಳುಮಾಡುವ ಗುಳಿಗೆ ತೆಗೆದುಕೊಳ್ಳುವವರು, ಬಸುರಿಯರು, ಮಗು ಬೇಕೆಂದು ಕಾಯುತ್ತಿರುವವರು ತುಳಸಿಯ ಗಟ್ಟಿ ಸಾರದಿಂದ ದೂರ ಇರುವುದೇ ಮೇಲು.

ಮೊಬೈಲಿನಲ್ಲಿ ಓಡಾಡುವ ಇನ್ನೆರಡು ಮಾತಿಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ತುಳಸಿ ಹಗಲು ರಾತ್ರಿ ಆಮ್ಲಜನಕ ಬಿಡುತ್ತದೆ ಅನ್ನುವುದು ಸುಳ್ಳು. ಬೆಳಕಿದ್ದಾಗ ಮಾತ್ರ ಬಿಡುತ್ತದೆ, ರಾತ್ರಿ ನಮ್ಮಂತೆಯೇ ಉಸಿರಾಡುತ್ತದೆ. ತುಳಸಿಯಲ್ಲಿ ಪಾದರಸ ಇದೆ, ಅಗಿದರೆ ಹಲ್ಲು ಹಾಳು ಅನ್ನುವುದಕ್ಕೂ ಆಧಾರ ಇಲ್ಲ. ತುಳಸಿಯನ್ನು ಪೂಜಿಸಲು ನಮಗೆ ಇಂಥ ಸುಳ್ಳಿನ ಆಸರೆ ಬೇಕಾಗಿಲ್ಲ. ಮತ್ತೆ, ಹೊಲದಲ್ಲಿ ಹಾವು ಕಚ್ಚಿದಾಗ ತುಂಬೆ ರಸ ಹಿಂಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ತುಂಬೆ ನನಗೆ ಎಷ್ಟು ಪ್ರೀತಿಯ ಗಿಡವೋ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ, ವಿಷಕ್ಕೆ ಅದು ಮದ್ದಲ್ಲ. ಆಸ್ಪತ್ರೆಯ ಸೂಜಿಮದ್ದು ಒಂದೇ ದಾರಿ. ಸೊಪ್ಪು ಹುಡುಕುವ ಅರ್ಧ ಗಂಟೆಯಲ್ಲಿ ಜೀಪು ತಾಲೂಕು ಆಸ್ಪತ್ರೆ ಮುಟ್ಟಿರುತ್ತದೆ.

ಕೊನೆಗೆ ನಿಮ್ಮ ಪುದೀನಾ. ತುಳಸಿ, ದೊಡ್ಡಪತ್ರೆ ನಮ್ಮ ಬಿಸಿಲು ತಡೆಯುತ್ತವೆ. ಪುದೀನಾ ಹಳ್ಳದ ದಂಡೆಯ ತಂಪಿನ ಗಿಡ, ಬೇರು ಮೇಲುಮೇಲೆ ಹರಿಯುತ್ತದೆ. ಕಾದ ಮಾಳಿಗೆಯ ಮೇಲೆ ಕುಂಡದ ಮಣ್ಣೇ ಬೇಯುವುದರಿಂದ ಎಲೆಗಿಂತ ಮೊದಲು ಬೇರು ಸಾಯುತ್ತದೆ. ಶಿವರಾತ್ರಿ ಕಳೆದ ಕೂಡಲೇ ಕುಂಡವನ್ನು ಮಾಳಿಗೆಯಿಂದ ಇಳಿಸಿ, ಪೂರ್ವದ ಗೋಡೆಯ ಬದಿ ಇಡಿ. ಬೆಳಗಿನ ಬಿಸಿಲು ಎರಡು ಮೂರು ತಾಸು ಸಿಕ್ಕರೆ ಸಾಕು. ಇಳಿಸಲು ಆಗದಿದ್ದರೆ ಹಸಿರು ನೆರಳು ಬಲೆ ಕಟ್ಟಿ, ಕುಂಡವನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆ ಮೇಲೆ ನಿಲ್ಲಿಸಿ. ಕುಂಡ ಆಳಕ್ಕಿಂತ ಅಗಲ ಇರಬೇಕು. ಬರೀ ಎರೆ ಮಣ್ಣು ಹಾಕಬೇಡಿ, ನೀರು ಹಾಕಿದರೆ ಅಂಟು, ಬಿಟ್ಟರೆ ಬಿರುಕು. ಬೀದರ್ ಕಡೆಯ ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಒಂದು ಪಾಲು, ಮರಳು ಅರ್ಧ ಪಾಲು ಕಲಸಿ. ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಅದನ್ನು ಕೆರೆದು ತೆಗೆದು, ತಳದಿಂದ ಹರಿಯುವ ತನಕ ಒಮ್ಮೆ ಒಳ್ಳೆಯ ನೀರು ಬಿಡಿ. ಎಲೆ ಕೊಯ್ಯುವಾಗ ಬಿಡಿ ಬಿಡಿ ಚಿವುಟುವುದಕ್ಕಿಂತ ದಂಟನ್ನೇ ನೆಲದಿಂದ ಎರಡು ಬೆರಳು ಬಿಟ್ಟು ಕತ್ತರಿಸಿ, ಒತ್ತಾಗಿ ಚಿಗುರುತ್ತದೆ. ಹೂ ಬಿಡುವ ಮುಂಚೆ, ಇಬ್ಬನಿ ಆರಿದ ಮೇಲೆ ಕೊಯ್ದರೆ ಘಮ ಜಾಸ್ತಿ.

ಈ ವರ್ಷ ಸುಟ್ಟುಹೋದ ಕುಂಡವನ್ನೂ ಬಿಸಾಡಬೇಡಿ. ಮಿರಗದ ಮಳೆ ಬಿದ್ದ ಮೇಲೆ ಮಣ್ಣನ್ನು ಬೆರಳಿನಿಂದ ಬಗೆದು ನೋಡಿ. ಬಿಳಿ ದಾರದಂಥ ಕಾಂಡ ಅಡ್ಡಡ್ಡ ಹರಿದಿರುತ್ತದೆ. ಉಗುರಿನಿಂದ ಚಿವುಟಿದಾಗ ಒಳಗೆ ಹಸಿ ಕಂಡರೆ, ಪುದೀನಾದ ವಾಸನೆ ಬಂದರೆ ಜೀವ ಇದೆ. ಬೆರಳುದ್ದ ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಎರಡು ಗೆಣ್ಣು ಇರುವಂತೆ ನೋಡಿಕೊಂಡು, ಹೊಸ ಮಣ್ಣಿನಲ್ಲಿ ಎರಡು ಬೆರಳು ಆಳಕ್ಕೆ ಅಡ್ಡ ಮಲಗಿಸಿ ಮುಚ್ಚಿ. ಎರಡು ಮೂರು ವಾರದಲ್ಲಿ ಚೌಕ ದಂಟು ಮೇಲೆ ಬರುತ್ತದೆ.